ಎಡಕ್ಕೆ ವಾಲಿದ ಒಂಬತ್ತು ಹೊಲಿಗೆ

ತಿಕೋಟಾದ ತಸ್ಲೀಮ ನದಾಫ ಇಪ್ಪತ್ಮೂರು ವರ್ಷಗಳಿಂದ ಚೀಲ ಹೊಲಿಯುತ್ತಾಳೆ. ಬೆಳಿಗ್ಗೆ ಎಂಟರ ಬಸ್ಸಿಗೆ ವಿಜಯಪುರಕ್ಕೆ ಬಂದು, ಮಾರುಕಟ್ಟೆಯ ಒಂದು ಕಾಳಿನ ಅಂಗಡಿಯ ಮುಂದೆ ಕಾಲು ಚಾಚಿ ಕುಳಿತರೆ ಸಂಜೆಯವರೆಗೆ ಏಳುವುದು ಎರಡೇ ಸಲ. ತೊಗರಿ ತುಂಬಿದ ಚೀಲದ ಬಾಯಿ ಮಡಚಿ, ದಬ್ಬಣಕ್ಕೆ ಸುತಳಿ ಪೋಣಿಸಿ, ಹದಿನಾಲ್ಕು ಹೊಲಿಗೆಯಲ್ಲಿ ಮುಗಿಸುತ್ತಾಳೆ. ಕೊನೆಯ ಗಂಟಿನ ನಂತರ ನಾಲ್ಕು ಬೆರಳು ಸುತಳಿ ಬಿಡುತ್ತಾಳೆ. ಹಮಾಲರು ಬೆನ್ನ ಮೇಲೆ ಹೊತ್ತ ಚೀಲ ನೋಡಿಯೇ ಇದು ಯಾರ ಹೊಲಿಗೆ ಎಂದು ಹೇಳಬಲ್ಲರು.

ಗಂಡ ಬುಡ್ಡೇಸಾಬ ತೀರಿಕೊಂಡು ಒಂಬತ್ತು ವರ್ಷವಾಯಿತು. ಆತನ ಆಸ್ಪತ್ರೆಯ ಕಾಲದಲ್ಲಿ ತಸ್ಲೀಮಳ ಕೊರಳು, ಕೈ ಎರಡೂ ಬರಿದಾದವು. ಆಮೇಲೆ ಬಂಗಾರ ಮಾಡಿಸಬೇಕು ಅಂತ ಆಕೆಗೆ ಅನಿಸಲೇ ಇಲ್ಲ. ಅನಿಸಿದ್ದು ಕಳೆದ ವರ್ಷ ಜನವರಿಯಲ್ಲಿ, ತಮ್ಮ ಯುನುಸನ ದೊಡ್ಡ ಮಗಳ ಮದುವೆ ಗೊತ್ತಾದಾಗ.

ಯುನುಸ ಒಣದ್ರಾಕ್ಷಿ ಲಾರಿಯ ಡ್ರೈವರ್ ಆಗಿ ಉತ್ತರದ ಕಡೆ ಹೋದವನು, ಅಲ್ಲಿಯ ಒಂದು ದೊಡ್ಡ ಊರಲ್ಲಿ ದ್ರಾಕ್ಷಿಯ ದಲಾಲನಾಗಿ ನೆಲೆ ನಿಂತಿದ್ದಾನೆ. ಅಕ್ಕನಿಗೆ ಹೋಗಿ ಬರುವ ವಿಮಾನದ ಟಿಕೆಟ್ಟು ಕಳಿಸಿದ. ಮದುಮಗಳ ಸೋದರತ್ತೆ ಬರಿಗೊರಳಲ್ಲಿ ಬಂದರೆ ಬೀಗರ ಎದುರು ತವರಿನ ಮಾನ ಏನಾಗಬೇಕು? ತಸ್ಲೀಮ ತನ್ನ ತವರೂರು ಸಾರವಾಡಕ್ಕೆ ಹೋಗಿ, ಪಕ್ಕದ ಮನೆಯ ಹೊಳೆವ್ವನನ್ನು ಬಂಗಾರದ ಬೋರಮಾಳ ಸರ ಕೇಳಿದಳು.

ಒಡವೆ ಎರವು ಕೊಡುವುದು, ತರುವುದು ಈ ಊರುಗಳಲ್ಲಿ ನಾಚಿಕೆಯ ವಿಷಯವಲ್ಲ. ತಸ್ಲೀಮಳ ತಾಯಿಯ ಬೆಳ್ಳಿ ಡಾಬು ಹೊಳೆವ್ವನ ಮದುವೆಯಲ್ಲಿ ಹೊಳೆವ್ವನ ನಡುವಿನ ಮೇಲೇ ಇತ್ತು. ಹೊಳೆವ್ವ ಟ್ರಂಕಿನಿಂದ ಬೋರಮಾಳ ತೆಗೆದು ಆಕೆಯ ಕೊರಳಿಗೆ ಹಾಕಿಯೇ ನೋಡಿದಳು. ಅವಳ ತಾಯಿಯ ಕಾಲದ ಸರ, ಬೋರೆಹಣ್ಣಿನಂಥ ದುಂಡು ಮಣಿ, ನಡುವೆ ಒಂದು ಮಣಿ ಜಜ್ಜಿದೆ.

"ಮಗಳು ಚಂದ್ರಕಲಾನ ಲಗ್ನ ಏಪ್ರಿಲ್‌ದಾಗ ಐತಿ. ಅಷ್ಟರಾಗ ತಂದಿಡು," ಎಂದಳು ಹೊಳೆವ್ವ.

"ಲಗ್ನ ಮುಗದ ಮೂರನೇ ದಿನಕ್ಕ ನಿನ್ನ ಕೈಯಾಗ ಇರತೈತಿ ಬೇ."

ಹೊಳೆವ್ವನ ಗಂಡ ಶ್ರೀಮಂತ ಅಂಗಳದಲ್ಲಿ ಟ್ರ್ಯಾಕ್ಟರಿನ ಬೋಲ್ಟು ಬಿಗಿಯುತ್ತಿದ್ದ. "ಇಮಾನದಾಗ ಹೊಂಟೀಯಂತ? ಕಿಡಕಿ ತಗದು ಉಗುಳಬ್ಯಾಡವಾ ಮತ್ತ," ಎಂದು ನಕ್ಕ. ಆಗಿನ್ನೂ ಎಲ್ಲರೂ ನಗುತ್ತಿದ್ದರು.

ಈಗ ತಸ್ಲೀಮ ಮಾಡಿದ ತಪ್ಪಿನ ಮಾತು: ಆಕೆ ಸರವನ್ನು ವಿಮಾನಕ್ಕೆ ಹಾಕುವ ದೊಡ್ಡ ಚೀಲದಲ್ಲಿಟ್ಟಳು. ವಿಮಾನದಲ್ಲಿ ತಿರುಗಾಡುವವರು ಇದನ್ನು ಕೇಳಿ ಹಣೆ ಚಚ್ಚಿಕೊಳ್ಳುತ್ತಾರೆ. ಅಷ್ಟು ಬೇಗ ಚಚ್ಚಿಕೊಳ್ಳಬಾರದು.

ಈ ಭಾಗದಲ್ಲಿ ಬಸ್ಸಿನಲ್ಲಿ ಒಡವೆ ಒಯ್ಯುವವರು ಅದನ್ನು ಕೈಚೀಲದಲ್ಲಿ ಇಡುವುದಿಲ್ಲ. ಕೈಚೀಲವನ್ನು ಬ್ಲೇಡಿನಿಂದ ಕೊಯ್ಯುತ್ತಾರೆ, ನೂಕುನುಗ್ಗಲಿನಲ್ಲಿ ಕಸಿಯುತ್ತಾರೆ. ಆದ್ದರಿಂದ ಒಡವೆ ಹೋಗುವುದು ಜೋಳದ ಚೀಲದ ಹೊಟ್ಟೆಯೊಳಗೆ. ಬಾಯಿ ಹೊಲಿದ ಚೀಲವನ್ನು ಯಾರೂ ಮುಟ್ಟುವುದಿಲ್ಲ. ತಸ್ಲೀಮಳ ಅಜ್ಜಿ ಹಾಗೆ ಒಯ್ದಳು, ತಾಯಿ ಒಯ್ದಳು, ಒಂದು ಗುಂಜಿಯೂ ಕಳೆಯಲಿಲ್ಲ. ತಸ್ಲೀಮಳಿಗೆ ಹೊಲಿಗೆಯೇ ಕಸುಬು. ಆಕೆಯ ಮಟ್ಟಿಗೆ ಹೊಲಿದ ಚೀಲ ಎಂದರೆ ಬೀಗ ಹಾಕಿದ ಮನೆ.

ಹೋಗುವಾಗ ಸರ ಜೋಳದಲ್ಲಿ ಹೋಯಿತು, ಸುರಕ್ಷಿತವಾಗಿ ಇಳಿಯಿತು. ಕಳೆದದ್ದು ದಬ್ಬಣ ಮಾತ್ರ. ಅದು ಕೈಚೀಲದಲ್ಲಿತ್ತು. ತಪಾಸಣೆಯವರು ತೆಗೆದು ಡಬ್ಬಿಗೆ ಎಸೆದರು. ಹದಿನೈದು ವರ್ಷ ಕೈಯಲ್ಲಿ ಸವೆದ ದಬ್ಬಣ. "ಸೂಜಿಗೆ ಅಂಜತಾರ, ಕಳ್ಳರಿಗೆ ಅಂಜಂಗಿಲ್ಲ," ಎಂದು ಆಕೆ ಇಂದಿಗೂ ಬೈಯುತ್ತಾಳೆ.

ಮದುವೆಯಲ್ಲಿ ಬೋರಮಾಳ ಹಾಕಿಕೊಂಡು ಎಲ್ಲ ಫೋಟೊಗಳಲ್ಲಿ ನಿಂತಳು. ಹೊರಡುವ ದಿನ ಯುನುಸನ ಮನೆಯ ನಡುಕೋಣೆಯಲ್ಲಿ ಕುಳಿತು ಗಂಟು ಕಟ್ಟಿದಳು. ಸರವನ್ನು ಸಣ್ಣ ಬಟ್ಟೆಯ ಚೀಲಕ್ಕೆ ಹಾಕಿ, ಯುನುಸ ಕೊಟ್ಟ ಐದು ಕಿಲೋ ಅಕ್ಕಿಯ ನಡುವೆ ಹೂತು, ಅಕ್ಕಿಯ ಬಾಯಿ ಕಟ್ಟಿ, ಅದರ ಸುತ್ತ ಸೀರೆ, ರಗ್ಗು, ಮಿಠಾಯಿಯ ಡಬ್ಬಿ ಒಟ್ಟಿ, ಎಲ್ಲವನ್ನೂ ದಪ್ಪ ಖಾಕಿ ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಹೊಲಿದಳು. ಇಪ್ಪತ್ತೆರಡು ಹೊಲಿಗೆ. ದಬ್ಬಣ ಹೊಸದು, ಅಲ್ಲಿಯ ಪೇಟೆಯಲ್ಲಿ ಕೊಂಡದ್ದು. ಇದನ್ನೂ ಕಸಿದುಕೊಳ್ಳುತ್ತಾರೆಂದು, ಈ ಸಲ ಅದನ್ನು ಕೈಚೀಲಕ್ಕೆ ಹಾಕದೆ ಕೊನೆಯ ಹೊಲಿಗೆಯ ಕೆಳಗೆ, ಚೀಲದ ಮಡಿಕೆಯಲ್ಲಿ, ಮೊನೆ ಒಳಮುಖವಾಗಿ ತೂರಿಸಿದಳು.

ಯುನುಸನ ಸಣ್ಣ ಮಗಳು ಸುರೈಯಾ ಚೀಲದ ಬಾಯಿ ಹೊಲಿಯುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. "ಫೂಫಿ, ಜಿಪ್ ಅನ್ನೋದೊಂದು ಬಂದೈತಿ ಜಗತ್ತಿನಾಗ," ಎಂದು ನಗುವ ದನಿ ಆ ವಿಡಿಯೊದಲ್ಲಿದೆ. "ಜಿಪ್ ಪೆನ್ನಿನ ತುದೀಲೇ ತಗೀತಾರ. ನನ್ನ ಹೊಲಿಗಿ ತಗದು ತೋರಸು, ನೋಡೂಣು," ಎಂಬ ತಸ್ಲೀಮಳ ಉತ್ತರವೂ ಇದೆ. ಹುಡುಗಿ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಗೆಳತಿಯರೊಂದಿಗೆ ನಕ್ಕಳು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಚೀಲ ತೂಗಿದರು. ಬ್ಯಾಟರಿ ಇದೆಯೇ, ಲೈಟರ್ ಇದೆಯೇ ಎಂದು ಕೇಳಿದರು. ತಸ್ಲೀಮ ಇಲ್ಲ ಎಂದಳು. "ಬಂಗಾರ ಐತೇನು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ನಿ, ತಗದು ಕೊರಳಾಗ ಹಾಕ್ಕೊಂತಿದ್ನಿ," ಎನ್ನುತ್ತಾಳೆ. ಬೆಲೆಬಾಳುವ ವಸ್ತುವನ್ನು ದೊಡ್ಡ ಚೀಲದಲ್ಲಿ ಇಡಬಾರದು ಎಂಬ ಷರತ್ತು ಇತ್ತು. ಅದು ಯುನುಸನ ಮೊಬೈಲಿಗೆ ಬಂದ ಟಿಕೆಟ್ಟಿನ ಮೂರನೇ ಪುಟದಲ್ಲಿ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇತ್ತು. ತಸ್ಲೀಮ ಓದಿದ್ದು ನಾಲ್ಕನೇ ಇಯತ್ತೆ, ಕನ್ನಡದಲ್ಲಿ.

ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಯಿತು. ನಡುವೆ ಒಂದು ಕಡೆ ವಿಮಾನ ಬದಲಾಯಿತು. ಅಕ್ಕಿಯೊಳಗಿನ ಮಣಿಸಾಲು ಪರದೆಯ ಮೇಲೆ ಯಾರಿಗೆ ಕಂಡಿತು, ಕಂಡವನು ಯಾರಿಗೆ ಹೇಳಿದ ಎಂಬುದು ಇವತ್ತಿನವರೆಗೆ ಯಾರೂ ತನಿಖೆ ಮಾಡದ ಸಂಗತಿ.

ಇಳಿದ ನಿಲ್ದಾಣದಲ್ಲಿ ಪಟ್ಟಿಯ ಮೇಲೆ ಚೀಲ ಬಂತು. ಬಾಯಿ ಮುಚ್ಚಿತ್ತು. ತಸ್ಲೀಮ ಎತ್ತಿಕೊಳ್ಳಲು ಕೈ ಹಾಕಿದಳು. ಬೆರಳಿಗೆ ದಬ್ಬಣದ ಮೊನೆ ಚುಚ್ಚಿತು.

ಮೊನೆ ಹೊರಮುಖವಾಗಿತ್ತು.

ಆಕೆ ಅಲ್ಲಿಯೇ ನೆಲಕ್ಕೆ ಕುಳಿತು ಹೊಲಿಗೆ ಎಣಿಸಿದಳು. ಇಪ್ಪತ್ತೆರಡರಲ್ಲಿ ಮೊದಲಿನ ಹದಿಮೂರು ತನ್ನವು, ಬಲಕ್ಕೆ ವಾಲಿದ್ದವು. ಕೊನೆಯ ಒಂಬತ್ತು ಎಡಕ್ಕೆ ವಾಲಿದ್ದವು. ಅದೇ ತೂತು, ಅದೇ ಸುತಳಿ, ಬೇರೆ ಕೈ. ಗಂಟಿನ ನಂತರ ನಾಲ್ಕು ಬೆರಳು ಸುತಳಿ ಇರಬೇಕಾದಲ್ಲಿ ಒಂದು ಬೆರಳೂ ಇರಲಿಲ್ಲ. ಕಳ್ಳ ಬಿಚ್ಚಿದ್ದ, ಬೇಕಾದ್ದು ತೆಗೆದುಕೊಂಡಿದ್ದ, ಆಕೆಯದೇ ದಬ್ಬಣದಿಂದ ಮತ್ತೆ ಹೊಲಿದು ದಬ್ಬಣವನ್ನು ಇದ್ದಲ್ಲೇ ಇಟ್ಟಿದ್ದ.

"ನನ್ನ ದಬ್ಬಣಲೇ ಹೊಲದಾನ್ರೀ! ನನ್ನ ದಬ್ಬಣಲೇ!" ಇದನ್ನು ಹೇಳುವಾಗ ಆಕೆಯ ಸ್ವರ ಇಂದಿಗೂ ಏರುತ್ತದೆ. ಬಂಗಾರ ಹೋಯಿತು ಎನ್ನುವಾಗ ಅಷ್ಟು ಏರುವುದಿಲ್ಲ.

ಕಂಪನಿಯ ಕೌಂಟರಿನಲ್ಲಿ ಇಬ್ಬರು ಹುಡುಗಿಯರಿದ್ದರು. ಅವರಲ್ಲಿ ಒಬ್ಬಳಿಗೆ ಕನ್ನಡ ಬರುತ್ತಿತ್ತು. "ಮೇಡಂ, ಪ್ಯಾಕಿಂಗ್ ಸರಿಯಾಗೇ ಇದೆಯಲ್ಲ. ಎಲ್ಲಿ ಹರಿದಿದೆ ತೋರಿಸಿ," ಎಂದಳು.

"ಹರದಿಲ್ಲವಾ. ಬಿಚ್ಚಿ ಹೊಲದಾರ. ಇದು ನನ್ನ ಹೊಲಿಗಿ ಅಲ್ಲ."

"ಹೊಲಿಗೆ ಹೊಲಿಗೇನೆ ಅಲ್ವಾ ಮೇಡಂ?"

ಇಪ್ಪತ್ಮೂರು ವರ್ಷ ಹೊಲಿದವಳಿಗೆ ಹೇಳಿದ ಮಾತು ಇದು. ಆದರೂ ತಸ್ಲೀಮ ಅಲ್ಲಿ ಎರಡು ಕೆಲಸ ಸರಿಯಾಗಿ ಮಾಡಿದಳು, ಒಂದು ತಪ್ಪಾಗಿ. ಸರಿಯಾದದ್ದು: ಆ ಒಂಬತ್ತು ಹೊಲಿಗೆಯನ್ನು ಮುಟ್ಟದೆ, ತನ್ನ ಹದಿಮೂರನ್ನು ಮಾತ್ರ ಬಿಚ್ಚಿ, ಅವರೆದುರೇ ಅಕ್ಕಿಯ ಗಂಟು ತೆಗೆದು ಕೈ ಹಾಕಿದಳು. ಸರ ಇರಲಿಲ್ಲ. ಎರಡನೆಯದು: ಬಿಚ್ಚುವ ಮೊದಲು ಪಕ್ಕದ ಪ್ರಯಾಣಿಕನೊಬ್ಬನಿಂದ ಚೀಲದ ಫೋಟೊ ತೆಗೆಸಿದಳು. ತಪ್ಪು: ದೂರು ಬರೆದುಕೊಳ್ಳುತ್ತೇವೆ ಎಂದು ಅವರು ಕೊಟ್ಟ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದಳು. ಅದರ ಎರಡನೇ ಸಾಲಿನಲ್ಲಿ 'ಚೀಲವನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ' ಎಂದು ಬರೆದಿತ್ತು.

ಪೊಲೀಸರು ಕಳುವಾದದ್ದು ಎಲ್ಲಿ ಎಂದು ಕೇಳಿದರು. ಗೊತ್ತಿದ್ದರೆ ದೂರು ಯಾಕೆ ಕೊಡುತ್ತಿದ್ದೆ ಎಂದಳು. ಹಾಗಾದರೆ ಹತ್ತಿದ ಊರಲ್ಲಿ ಕೊಡು ಎಂದರು. ಯುನುಸ ಆ ಊರಲ್ಲಿ ಹೋಗಿ ಕೇಳಿದ, ಇಳಿದ ಊರಲ್ಲಿ ಕೊಡಿ ಎಂದರು. ವಿಮಾನ ಬದಲಾದ ಊರಿಗೆ ಹೋಗಿ ಕೇಳುವವರು ಯಾರೂ ಇರಲಿಲ್ಲ.

ಮರುದಿನ ಆಕೆ ಸಾರವಾಡಕ್ಕೆ ಹೋದಳು. ಮುಚ್ಚಿಡಲಿಲ್ಲ, ಸಮಯ ಕೇಳಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನ ಎದುರು ಕುಳಿತು ಎಲ್ಲ ಹೇಳಿದಳು. ಹೊಳೆವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಒಂದೂ ಮಾತಾಡಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಶ್ರೀಮಂತ ಮಾತಾಡಿದ.

"ಹೊಲದ ಚೀಲದಾಗಿಂದ ಹೋತು, ಚೀಲ ಹೊಲದಂಗ ಐತಿ. ಇದನ್ನ ನಾ ನಂಬಬೇಕು?"

"ಅಣ್ಣಾ, ಹೊಲಿಗಿ ನೋಡ ಬಾ. ಚೀಲ ತಂದೇನಿ."

"ಹೊಲಿಗಿ ನೋಡಿ ನಾ ಏನ್ ಮಾಡ್ಲಿ? ಹೊಲ್ಯಾಕಿ ನೀನ, ಬಿಚ್ಚಾಕಿ ನೀನ."

ಆ ಸಂಜೆಯೇ ಶ್ರೀಮಂತ ಸಾರವಾಡದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ಜನರೆದುರು, ತಸ್ಲೀಮ ಸರ ಮಾರಿಕೊಂಡಿದ್ದಾಳೆ ಎಂದ. ಮಾತು ಬಸ್ಸಿಗಿಂತ ಮೊದಲು ತಿಕೋಟಾ ಮುಟ್ಟಿತು. ಏಪ್ರಿಲ್ಲಿನಲ್ಲಿ ಚಂದ್ರಕಲಾಳ ಮದುವೆ ಬಬಲೇಶ್ವರದ ಕಲ್ಯಾಣ ಮಂಟಪದಲ್ಲಿ ನಡೆಯಿತು. ತಸ್ಲೀಮಳ ಮನೆಗೆ ಕರೆಯಲು ಯಾರೂ ಬರಲಿಲ್ಲ. ಲಗ್ನಪತ್ರಿಕೆಯೊಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಹೆಣ್ಣುಮಕ್ಕಳಿದ್ದ ಮನೆಗೆ ಹೆಣ್ಣುಮಕ್ಕಳೇ ಬಂದು ಕರೆಯುವ ಸೀಮೆಯಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಹುಟ್ಟಿದಾಗ ಎತ್ತಿ ಆಡಿಸಿದ ಹುಡುಗಿಯ ತಲೆಗೆ ಅಕ್ಕಿಕಾಳು ಹಾಕಲು ಆಕೆ ಹೋಗಲಿಲ್ಲ. ಆ ದಿನ ಮಾರುಕಟ್ಟೆಯಲ್ಲಿ ಎಂದಿಗಿಂತ ಹೆಚ್ಚು ಚೀಲ ಹೊಲಿದಳು.

ಮೇ ತಿಂಗಳಲ್ಲಿ ಕಂಪನಿಯ ಪತ್ರ ಬಂತು. ಮಾರುಕಟ್ಟೆಯ ದ್ವಾರದ ಬಳಿ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುವ ಈರಯ್ಯ ಅದನ್ನು ಓದಿ ಹೇಳಿದ. ಕಂಪನಿ ತಪ್ಪು ಒಪ್ಪುವುದಿಲ್ಲ. ಆದರೂ ಸೌಹಾರ್ದಕ್ಕಾಗಿ, ಕಡಿಮೆ ಬಿದ್ದಿದೆಯೆಂದು ಹೇಳಲಾದ ತೂಕಕ್ಕೆ ಕಿಲೋ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. ಪ್ರತಿಯಾಗಿ, ಯಾವ ಕಳವೂ ಆಗಿಲ್ಲವೆಂದು ಆಕೆ ಸಹಿ ಮಾಡಿ ಕಳಿಸಬೇಕು.

"ಕಿಲೋ ಲೆಕ್ಕ?" ತಸ್ಲೀಮ ದಬ್ಬಣ ಕೆಳಗಿಟ್ಟಳು. "ತೂಕಕ್ಕ ರೊಕ್ಕ ಕೊಡಾಕ ನಾ ಏನು ತೊಗರಿ ಕಳಿಸಿದ್ನೇನು?"

"ಬರೋದು ಬರಲಿ, ತಗೊಂಡ್ ಬಿಡವಾ," ಎಂದ ಈರಯ್ಯ. "ದೊಡ್ಡ ಕಂಪನಿ ಅದು."

"ಯಪ್ಪಾ, ನಂಗ ಅವರ ರೊಕ್ಕ ಬ್ಯಾಡ. ಈ ಚೀಲ ನಮ್ಮ ಕೈಯಾಗ ಇದ್ದಾಗ ಯಾರೋ ಬಿಚ್ಚ್ಯಾರ ಅಂತ ಒಂದ ಸಾಲು ಬರಕೊಡಾಕ ಹೇಳು. ಆ ಕಾಗದ ತಗೊಂಡು ನಾ ಸಾರವಾಡಕ್ಕ ಹೋಗಬೇಕು."

ಆ ಒಂದು ಸಾಲನ್ನು ಕಂಪನಿ ಬರೆಯುವುದಿಲ್ಲ ಎಂದು ಈರಯ್ಯನಿಗೆ ಗೊತ್ತಿತ್ತು. ಬರೆಸಬಲ್ಲವರ ಕಡೆಗೆ ಆತ ಅರ್ಜಿ ಬರೆದ. ಹೀಗೆ ಪ್ರಕರಣ ವಿಜಯಪುರದ ಗ್ರಾಹಕ ಆಯೋಗಕ್ಕೆ ಬಂತು. ಖಾಕಿ ಚೀಲವೂ, ಅದರ ಒಂಬತ್ತು ಹೊಲಿಗೆಯೂ, ದಬ್ಬಣವೂ ಮೊಹರು ಹಾಕಿಸಿಕೊಂಡು ಸಾಕ್ಷ್ಯಗಳಾದವು.

ಕಂಪನಿಯ ವಕೀಲರು ಮತ್ತೆ ಮತ್ತೆ ಸಮಯ ಕೇಳಿದರು. ಕಾಗದ ಬಂದಿಲ್ಲ, ಅಧಿಕಾರಿ ರಜೆಯಲ್ಲಿದ್ದಾರೆ, ಕ್ಯಾಮೆರಾದ ಚಿತ್ರಗಳು ತಿಂಗಳೊಳಗೆ ಅಳಿಸಿಹೋಗುತ್ತವೆ. ತಸ್ಲೀಮ ಪ್ರತಿ ತಾರೀಕಿಗೂ ಅರ್ಧ ದಿನದ ಕೆಲಸ ಬಿಟ್ಟು ಹಿಂದಿನ ಬೆಂಚಿನಲ್ಲಿ ಕುಳಿತಳು. ನೋಡುವುದಕ್ಕೆ ಬೇರೇನೂ ಇಲ್ಲದೆ ವಕೀಲರ ಕೈ ನೋಡಿದಳು.

ಈ ವರ್ಷದ ಮಾರ್ಚಿನಲ್ಲಿ ವಾದ ನಡೆಯಿತು. ವಕೀಲರು ಹೇಳಿದ್ದು ಚೊಕ್ಕವಾಗಿತ್ತು: ಚೀಲ ಹೊಲಿದ ಸ್ಥಿತಿಯಲ್ಲೇ ತಲುಪಿದೆ, ಸ್ವೀಕೃತಿಗೆ ಸಹಿ ಇದೆ, ಹೊಲಿಗೆ ಯಾರದೆಂದು ಹೇಳುವುದು ಅಸಾಧ್ಯ.

ಅಧ್ಯಕ್ಷರು ತಸ್ಲೀಮಳನ್ನು ನೋಡಿದರು. "ನೀವು ಹೇಗೆ ಹೇಳುತ್ತೀರಿ ಬೇರೆಯವರ ಕೈ ಎಂದು?"

"ಎಡಗೈಯವ ಹೊಲದಾನ್ರೀ. ಬಲಗೈಲೇ ಹೊಲದ್ರ ಹಿಂಗ ವಾಲತೈತಿ, ಎಡಗೈಲೇ ಹೊಲದ್ರ ಹಂಗ. ಒಂದು ಚೀಲ ತರಸ್ರಿ, ಹೊಲದು ತೋರಸ್ತೇನಿ."

"ಇದು ಆಯೋಗ, ಹೊಲಿಗೆ ಕ್ಲಾಸಲ್ಲ," ಎಂದರು ವಕೀಲರು.

"ಹೌದ್ರೀ ಸಾಹೇಬ್ರ," ತಸ್ಲೀಮ ತಿರುಗಿದಳು. "ಹಂಗಾರ ಎಡಗೈಯವರು ಇನ್ನೊಬ್ಬರು ಬೇಕಲ್ಲ, ನೀವ ಹೊಲದು ತೋರಸ್ರಿ. ತಾರೀಕ ಮುಂದ ಹಾಕಸೋ ಅರ್ಜಿಗೆಲ್ಲಾ ನೀವು ಎಡಗೈಲೇ ಸಹಿ ಮಾಡೀರಿ. ನಾ ಎಲ್ಲಾ ನೋಡೇನಿ."

ಕೋಣೆಯಲ್ಲಿ ನಗು ಎದ್ದಿತು. ವಕೀಲರು ನಗಲಿಲ್ಲ, ಹೊಲಿಯಲೂ ಇಲ್ಲ. ಕೆಟ್ಟ ಫ್ರಿಜ್ಜಿನ ದಾವೆಗೆ ಬಂದು ಹಿಂದೆ ಕುಳಿತಿದ್ದ ಗೌರಾಬಾಯಿ ಎಂಬ ಮುದುಕಿ, "ನಂದೂ ಎಡಚ ಕೈ ಐತ್ರೀ, ನಾ ಹೊಲೀತೇನಿ," ಎಂದು ಎದ್ದು ಬಂದಳು. ಒಂದೇ ಚೀಲದ ಬಾಯಿಗೆ ತಸ್ಲೀಮ ಐದು ಹೊಲಿಗೆ ಹಾಕಿದಳು, ಗೌರಾಬಾಯಿ ಐದು. ಅಧ್ಯಕ್ಷರು ಆ ಚೀಲವನ್ನೂ ಮೊಹರು ಒಡೆದ ಖಾಕಿ ಚೀಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಹಳ ಹೊತ್ತು ನೋಡಬೇಕಾಗಲಿಲ್ಲ.

ವಿಮಾನಕ್ಕೆ ಹಾಕುವ ಮೊದಲೇ ಚೀಲವನ್ನು ಬೇರೆ ಯಾರೋ ಹೊಲಿದಿರಬಹುದಲ್ಲ ಎಂದರು ವಕೀಲರು. ಆಗ ಸುರೈಯಾಳ ವಿಡಿಯೊ ಬಂತು. ಅತ್ತೆಯನ್ನು ಆಡಿಕೊಳ್ಳಲು ಹಿಡಿದ ಆ ನಾಲ್ಕು ನಿಮಿಷದಲ್ಲಿ ಇಪ್ಪತ್ತೆರಡೂ ಹೊಲಿಗೆ ಕಾಣುತ್ತವೆ, ಎಲ್ಲವೂ ಬಲಕ್ಕೆ. ದಬ್ಬಣದ ಮೊನೆ ಒಳಗೆ ಹೋಗುವುದೂ ಕಾಣುತ್ತದೆ. ತಾರೀಕು, ಸಮಯ ಮೊಬೈಲಿನಲ್ಲೇ ಇವೆ. ಕಾಣದ್ದು ಒಂದೇ. ಸರ ಅಕ್ಕಿಯೊಳಗೆ ಹೋಗುವುದು ಕಾಣುವುದಿಲ್ಲ. ಎರವಿನ ಒಡವೆ ಇಡುವಾಗ ತಸ್ಲೀಮ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು, ಯಾರ ಕಣ್ಣಿಗೂ ಬೀಳದಿರಲಿ ಎಂದು.

ಆದೇಶ ಮೇ ತಿಂಗಳಲ್ಲಿ ಬಂತು. ಕನ್ನಡದಲ್ಲೇ ಬೇಕು ಎಂದು ಆಕೆ ಕೇಳಿಕೊಂಡಿದ್ದಳು. ಹನ್ನೊಂದನೇ ಕಲಮಿನಲ್ಲಿ ಆ ಸಾಲಿದೆ: 'ಸದರಿ ಚೀಲವನ್ನು ಎದುರುದಾರ ಕಂಪನಿಯ ವಶದಲ್ಲಿದ್ದ ಅವಧಿಯಲ್ಲಿ ಬಿಚ್ಚಿ, ಪುನಃ ಹೊಲಿಯಲಾಗಿದೆ ಎಂಬುದು ಸಾಬೀತಾಗಿದೆ.' ಹನ್ನೆರಡನೇ ಕಲಮಿನಲ್ಲಿ, ಒಳಗೆ ಬಂಗಾರ ಇತ್ತೆಂಬುದಕ್ಕೆ ನೇರ ಪುರಾವೆ ಇಲ್ಲವೆಂದಿದೆ. ಆದ್ದರಿಂದ ಪರಿಹಾರ ಸೇವಾ ನ್ಯೂನತೆಗಷ್ಟೇ. ಅದನ್ನೂ ಕೊಡಲಾರೆವೆಂದು ಕಂಪನಿ ಮೇಲ್ಮನವಿ ಹಾಕಿದೆ. ಅದು ತೀರ್ಮಾನವಾಗುವವರೆಗೆ ಚೀಲವೂ ದಬ್ಬಣವೂ ಆಕೆಗೆ ಸಿಗುವುದಿಲ್ಲ.

ಆದೇಶ ಕೈಗೆ ಬಂದ ಮರುದಿನ, ಸರ ಕಳೆದ ಹದಿನಾರು ತಿಂಗಳ ನಂತರ, ತಸ್ಲೀಮ ಸಾರವಾಡದಲ್ಲಿ ಬಸ್ಸಿಳಿದಳು. ಹೊಳೆವ್ವನ ಮನೆಯ ಕಡೆ ತಿರುಗಲಿಲ್ಲ. ನೇರವಾಗಿ ಚಹಾದಂಗಡಿಗೆ ನಡೆದಳು. ಹೆಣ್ಣುಮಕ್ಕಳು ಅಲ್ಲಿ ಕೂರುವುದಿಲ್ಲ. ಬೆಂಚಿನ ಮೇಲಿದ್ದವರು ಸರಿದು ನೋಡಿದರು. ಶ್ರೀಮಂತನ ಕೈಯಲ್ಲಿ ಚಹಾದ ಬಸಿ ಇತ್ತು.

"ಶ್ರೀಮಂತಣ್ಣಾ, ಇದನ್ನ ಓದು."

"ಮನಿಗೆ ನಡಿ, ಅಲ್ಲಿ ಮಾತಾಡೂಣು."

"ಮನ್ಯಾಗ ಅಂದಿದ್ರ ಮನ್ಯಾಗ ಓದಸ್ತಿದ್ನಿ. ಇಲ್ಲಿ ಕುಂತು ಅಂದೀದಿ. ಇಲ್ಲೇ ಓದು."

ಶ್ರೀಮಂತ ಸುತ್ತ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಹನ್ನೊಂದನೇ ಕಲಮಿನ ಕೆಳಗೆ ಈರಯ್ಯ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಅದನ್ನು ಶ್ರೀಮಂತ ಬಾಯೊಳಗೆ ಓದಿದ.

"ಜೋರಾಗಿ ಓದು. ಅವತ್ತು ಅಷ್ಟ ಮೆಲ್ಲಕ ಅಂದಿದ್ಯೇನು?"

ಎರಡನೇ ಸಲ ಎಲ್ಲರಿಗೂ ಕೇಳಿಸಿತು. ಓದಿದ ಮೇಲೆ ಶ್ರೀಮಂತ ಪುಟ ತಿರುವಿದ. ಆತ ದಡ್ಡನಲ್ಲ. ಹನ್ನೆರಡನೇ ಕಲಮೂ ಕಣ್ಣಿಗೆ ಬಿತ್ತು.

"ಚೀಲ ಬಿಚ್ಚ್ಯಾರ ಅಂತ ಐತಿ, ಖರೆ. ಒಳಗ ಸರ ಇತ್ತು ಅಂತ ಎಲ್ಲೈತಿ? ಇಲ್ಲ ಅಂತನ ಬರದಾರಲ್ಲ ಇಲ್ಲಿ."

ತಸ್ಲೀಮಳ ಬಳಿ ಅದಕ್ಕೆ ಕಾಗದ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅಷ್ಟರಲ್ಲಿ ಸುದ್ದಿ ಮುಟ್ಟಿ ಹೊಳೆವ್ವ ಬಂದಿದ್ದಳು. ತಲೆಯ ಮೇಲೆ ಸೆರಗು ಹೊದ್ದು ಅಂಗಡಿಯ ಹೊರಗಿನ ಕಂಬದ ಹತ್ತಿರ ನಿಂತಿದ್ದಳು. ಗಂಡನ ಹೆಸರು ಹೇಳದೆ, ಗಂಡನ ಕಡೆ ನೋಡದೆ, ಬೆಂಚಿನ ಮೇಲಿದ್ದವರಿಗೆ ಹೇಳಿದಳು:

"ಸರ ನಂದು. ಕೊಟ್ಟಾಕಿ ನಾನು. ಈಕಿ ಮಾರಿಲ್ಲ. ಸಾಕ್ಷಿ ಬೇಕಂದ್ರ ನನ್ನ ಬರಕೋರಿ."

ಶ್ರೀಮಂತ ಬಸಿ ಕೆಳಗಿಟ್ಟು ಎದ್ದು ಹೋದ.

ಕಥೆ ಇಲ್ಲಿಗೆ ಮುಗಿದಿದ್ದರೆ ಕೇಳುವವರಿಗೆ ಸಮಾಧಾನವಾಗುತ್ತಿತ್ತು. ಹೊಳೆವ್ವ ಹತ್ತಿರ ಬಂದು ತಸ್ಲೀಮಳ ಕೈ ಹಿಡಿದಳು. "ಮನಿಗೆ ಬಾ. ಮೊದಲ ನನ್ನ ಕಡೆ ಬರಬೇಕಿತ್ತು ನೀ," ಎಂದಳು.

ತಸ್ಲೀಮ ಕೈ ಬಿಡಿಸಿಕೊಂಡಳು.

"ಮೊದಲ ನಿನ್ನ ಕಡೇನ ಬಂದಿದ್ನಿ ಬೇ, ಹೋದ ವರ್ಷ ಜನವರಿಯಾಗ. ಇಷ್ಟ ಮಾತು ಅವತ್ತ ಅಂದಿದ್ರ ನಾ ಕೋರ್ಟು ಕಚೇರಿ ತಿರಗತಿದ್ದಿಲ್ಲ."

ತಸ್ಲೀಮ ಆದೇಶವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬೆಲೆಬಾಳುವುದನ್ನು ಈಗ ಆಕೆ ಚೀಲಕ್ಕೆ ಹಾಕುವುದಿಲ್ಲ. ವಿಜಯಪುರದ ಬಸ್ಸು ಬರುವವರೆಗೆ ಇಬ್ಬರೂ ನಿಲ್ದಾಣದ ಕಟ್ಟೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದರು.

ಮಾರುಕಟ್ಟೆಗೆ ಪರ ಊರಿನ ಲಾರಿಗಳು ಬಂದಾಗ ತಸ್ಲೀಮ ಈಗ ಕೆಲಸ ನಿಲ್ಲಿಸಿ ಎದ್ದು ಹೋಗುತ್ತಾಳೆ. ಇಳಿಯುವ ಒಂದೊಂದು ಚೀಲದ ಬಾಯನ್ನೂ ಬಗ್ಗಿ ನೋಡುತ್ತಾಳೆ. ಹಮಾಲರು ಮೊದಮೊದಲು ನಗುತ್ತಿದ್ದರು.

"ವಿಮಾನದಾಗ ಕಳವು ಮಾಡಾಂವ ಇಲ್ಲಿ ಚೀಲ ಹೊಲೀತಾನೇನ ಅಕ್ಕಾ?" ಎಂದು ಒಬ್ಬ ಕೇಳಿದ.

"ಹೊಲ್ಯಾಕ ಎಲ್ಲೋ ಕಲತಿರಬೇಕಲ್ಲಲೇ," ಎಂದಳು ತಸ್ಲೀಮ. "ಅವನ ಹೆಸರ ಯಾರೂ ಕೇಳಲಿಲ್ಲ. ಪೊಲೀಸ್ರು ಕೇಳಲಿಲ್ಲ, ಕಂಪನಿ ಕೇಳಲಿಲ್ಲ, ಆದೇಶದಾಗೂ ಇಲ್ಲ. ನಂಗ ಅವನ ಕೈ ಗೊತ್ತೈತಿ."